ಬಚ್ಚಲಿನ ಬೂಚು

ಹೇತಲಳ ಒಣ ಫ್ರಾಕು ತೊಟ್ಟ ದಿನದಿಂದ ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಆಗ ನಾವು ವಡೋದರಾದಲ್ಲಿ ಅವಳ ಅಪ್ಪನ ಮನೆಯ ಕೆಳಗಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆವು, ಅವರು ಮಾಳಿಗೆಯ ಮೇಲಿದ್ದರು. ವಿಶ್ವಾಮಿತ್ರಿ ನದಿ ನಮ್ಮ ಓಣಿಯಿಂದ ಕಾಣುತ್ತಿರಲಿಲ್ಲ. ಆದರೆ ಮಳೆಗಾಲದಲ್ಲಿ ಅದು ಗಟಾರದ ದಾರಿ ಹಿಡಿದು ನಮ್ಮನ್ನು ಹುಡುಕಿಕೊಂಡು ಬರುತ್ತಿತ್ತು. ಆ ವರ್ಷ ನೀರು ನಮ್ಮ ಮಂಚದ ಮಟ್ಟಕ್ಕೆ ಬಂದಾಗ ಅಪ್ಪ ಒಂದು ಕಂಕುಳಲ್ಲಿ ನನ್ನನ್ನೂ ಇನ್ನೊಂದರಲ್ಲಿ ತಮ್ಮ ನಕ್ಷೆಯ ಕೊಳವೆಯನ್ನೂ ಇರುಕಿಕೊಂಡು ಮೆಟ್ಟಿಲು ಹತ್ತಿದರು. ಹಿಂದೆ ಅವ್ವ ದೇವರ ಪೆಟ್ಟಿಗೆ ಹಿಡಿದು ಬಂದಳು. ಮೂರು ದಿನ ನಾವು ಹೇತಲಳ ಮನೆಯಲ್ಲಿದ್ದೆವು. ಅವಳ ತಾಯಿ ಹಂಸಾಬೆನ್ ಕಪಾಟು ತೆಗೆದು, "ಯಾವುದು ಬೇಕೋ ನೀನೇ ಕೊಡು" ಎಂದು ಮಗಳಿಗೆ ಹೇಳಿದರು. ಅವಳು ಕೊಟ್ಟದ್ದು ಹಳದಿ ಬಣ್ಣದ, ಕೊರಳಿಗೆ ಲೇಸು ಹಚ್ಚಿದ ಫ್ರಾಕು. ಅವಳ ಬಟ್ಟೆಗಳಲ್ಲೆಲ್ಲ ಅದೇ ಚೆಂದದ್ದು. ಹರಿದದ್ದೋ ಬಣ್ಣ ಹೋದದ್ದೋ ಕೊಟ್ಟಿದ್ದರೆ ಅವಳನ್ನು ದ್ವೇಷಿಸುವುದು ನನಗೆ ಸುಲಭವಾಗುತ್ತಿತ್ತು. ಅಷ್ಟು ಸಣ್ಣ ಉಪಕಾರವನ್ನೂ ಅವಳು ನನಗೆ ಮಾಡಲಿಲ್ಲ.

ನಾನು ಆ ಫ್ರಾಕಿನಲ್ಲಿ ಮುಖ ಊದಿಸಿಕೊಂಡು ಅವರ ಉಯ್ಯಾಲೆಯ ಮೇಲೆ ಕೂತಿದ್ದ ಆ ಮೂರು ದಿನಗಳಲ್ಲಿ ಹೇತಲ್ ನನ್ನ ಅಪ್ಪನನ್ನು ತನ್ನವರನ್ನಾಗಿ ಮಾಡಿಕೊಂಡಳು. ಅಪ್ಪ ರೈಲ್ವೆಯಲ್ಲಿ ಸೇತುವೆಗಳ ನಕ್ಷೆ ಬರೆಯುವವರು. ನೀರು ಕಂಡರೆ ಅವರಿಗೆ ಹೆದರಿಕೆಗಿಂತ ಕುತೂಹಲ ಹೆಚ್ಚು. ಗಂಟೆಗೊಮ್ಮೆ ಮೆಟ್ಟಿಲ ಮೇಲೆ ಕೂತು, ನೀರು ಎಲ್ಲಿವರೆಗೆ ಬಂತು ಎಂದು ಗೋಡೆಗೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದರು. ಪಕ್ಕದ ಮೆಟ್ಟಿಲಲ್ಲಿ ಹೇತಲ್ ಕೂತಿರುತ್ತಿದ್ದಳು. ಈಗ ಏರುವುದು ನಿಂತಿತೇ, ನೀರು ಹೊರಗೆ ಬೇಗ ಇಳಿದು ಒಳಗೆ ತಡವಾಗಿ ಇಳಿಯುವುದೇಕೆ, ನದಿಯ ಮೊಸಳೆ ಬಂದರೆ ಗೆರೆ ಅಳಿಸುತ್ತದೆಯೇ ಎಂದು ಒಂದರ ಮೇಲೊಂದು ಕೇಳುತ್ತಿದ್ದಳು. ಅಪ್ಪ ಪ್ರತಿಯೊಂದಕ್ಕೂ ಉತ್ತರ ಕೊಡುತ್ತಿದ್ದರು. ನಾನು ಏನಾದರೂ ಕೇಳಿದರೆ "ಆಮ್ಯಾಲೆ ಹೇಳ್ತೀನವಾ" ಎನ್ನುವ ಮನುಷ್ಯ. ಅವಳು ಅವರನ್ನು ಕಾಕಾ ಎಂದು ಕರೆದಳು. ಗುಜರಾತಿಯಲ್ಲಿ ಅಪ್ಪನ ತಮ್ಮನಿಗೆ ಕಾಕಾ ಎನ್ನುತ್ತಾರೆ, ನಮ್ಮ ಗದಗಿನ ಕಡೆಯೂ ಕಾಕಾ ಎಂದೇ. ಹಾಗಾಗಿ ಅವಳು ಯಾವ ಕಷ್ಟವೂ ಇಲ್ಲದೆ ನಮ್ಮ ಬಳಗದೊಳಗೆ ಬಂದು ಕೂತುಬಿಟ್ಟಳು. ಆಗ ನಮ್ಮಿಬ್ಬರಿಗೂ ಒಂಬತ್ತು ವರ್ಷ.

ನೀರು ಇಳಿದ ಮೇಲೆ ಅಪ್ಪ ಅದೇ ಓಣಿಯ ತುದಿಯಲ್ಲಿ ಜಾಗ ಹಿಡಿದರು. ಹೆಂಡತಿ, ಸಹೋದ್ಯೋಗಿಗಳು, ಓಣಿಯವರು ಎಲ್ಲರೂ ಎತ್ತರದ ಕಡೆ ಹೋಗಿರಿ ಎಂದರು. ನೀರು ಬರುವ ಜಾಗದಲ್ಲಿ ನೀರಿಗೆ ಜಗ್ಗದ ಮನೆ ಕಟ್ಟಿ ತೋರಿಸುತ್ತೇನೆ ಎಂಬ ಹಟ ಅವರಿಗೆ. ಊಟದ ತಟ್ಟೆ ಎತ್ತಿದ ಕೂಡಲೇ ಅದೇ ನೆಲದ ಮೇಲೆ ನಕ್ಷೆಯ ಹಾಳೆ ಹಾಸುತ್ತಿದ್ದರು. ಆ ಮನೆಯ ವಿಚಾರ ಒಂದೊಂದೂ ನನಗೆ ಬಾಯಿಪಾಠ. ಪ್ಲಿಂತ್, ಅಂದರೆ ಮನೆಯ ತಳಗಟ್ಟು, ರಸ್ತೆಯಿಂದ ಎದೆಮಟ್ಟ. ಕರೆಂಟಿನ ಸ್ವಿಚ್ಚು, ಪ್ಲಗ್ಗು ಎಲ್ಲ ದೊಡ್ಡವರ ಭುಜದ ಎತ್ತರಕ್ಕೆ, ಇಸ್ತ್ರಿ ಮಾಡಬೇಕಾದರೆ ಅವ್ವ ವೈರು ಮೇಲಿಂದ ಇಳಿಬಿಡಬೇಕು. ಕಪಾಟಿಗೆ ಕಟ್ಟಿಗೆ ಇಲ್ಲ, ಎಲ್ಲ ಕೋಟಾ ಕಲ್ಲು. ಎರಡೂ ಬಾಗಿಲ ಚೌಕಟ್ಟಿಗೆ ಕಬ್ಬಿಣದ ತೋಡು, ನೀರು ಬಂದಾಗ ಅದರಲ್ಲಿ ಮೇಲಿಂದ ಮೂರು ಹಲಗೆ ಇಳಿಸಿ, ಸಂದಿಗೆ ಎರೆಮಣ್ಣು ಮೆತ್ತಬೇಕು. ನೀರು ಕುಡಿದಷ್ಟೂ ಎರೆಮಣ್ಣು ಉಬ್ಬಿ ಬಿಗಿಯುತ್ತದೆ. "ಮನಿ ಕಟ್ಟಾಕ ಈ ಮಣ್ಣು ವೈರಿ, ನೀರ ತಡಿಯಾಕ ಗೆಳಿಯಾ" ಎಂದು ಅಪ್ಪ ಮುಷ್ಟಿ ತುಂಬ ತಂದು ತೋರಿಸುತ್ತಿದ್ದರು. ಆ ಹಲಗೆಗಳು ಮೂರು ಅಡಿ ನೀರಿಗೆ ಮಾತ್ರ. ಅದಕ್ಕಿಂತ ಹೆಚ್ಚು ಬಂದರೆ ನಾವೇ ಹಲಗೆ ತೆಗೆದು ನೀರನ್ನು ಒಳಗೆ ಬಿಡಬೇಕು. ಇಲ್ಲವಾದರೆ ಹೊರಗಿನ ನೀರು ಗೋಡೆಯನ್ನೇ ನೂಕಿ ಕೆಡವುತ್ತದೆ. ಇದನ್ನು ಕೇಳಿದವರು ಅಪ್ಪನಿಗೆ ತಲೆ ಕೆಟ್ಟಿದೆ ಎಂದುಕೊಂಡು ಚಹಾ ಮುಗಿಸಿ ಹೋಗುತ್ತಿದ್ದರು.

ಅವ್ವ ಈ ಯಾವುದಕ್ಕೂ ತಲೆ ಹಾಕಲಿಲ್ಲ. ಜಗಳ ಆದದ್ದು ಒಂದೇ ವಿಷಯಕ್ಕೆ, ಬಚ್ಚಲಿಗೆ. ಅಲ್ಲಿಯ ಮನೆಗಳಲ್ಲಿ ಪಾತ್ರೆ ತೊಳೆಯುವ ಜಾಗ ಹಿತ್ತಲಲ್ಲಿರುತ್ತದೆ, ಚೋಕಡಿ ಎನ್ನುತ್ತಾರೆ. ಅಪ್ಪ ನಕ್ಷೆಯಲ್ಲಿ ಅದನ್ನೇ ಬರೆದಿದ್ದರು. ಅವ್ವ ಹಾಳೆಯನ್ನು ಒಮ್ಮೆ ನೋಡಿ ಕೇಳಿದಳು:

"ಅಡಗಿ ಮನ್ಯಾಗ ಬಚ್ಚಲ ಎಲ್ಲೈತಿ?"

"ಹಿತ್ತಲದಾಗ ಐತಿ. ಇಲ್ಲೆ ಎಲ್ಲಾರೂ ಹಂಗ ಕಟ್ಟತಾರ."

"ಎಲ್ಲಾರೂ ಕಟಗೊಳ್ಳಲಿ. ಒಂದು ಲೋಟ ತೊಳಿಯಾಕ ನಾ ಹಿತ್ತಲಕ್ಕ ಹೋಗಬೇಕ? ಮಳ್ಯಾಗ? ಬಚ್ಚಲ ಇಲ್ಲದ ಅಡಗಿ ಮನ್ಯಾಗ ನಾ ಒಲಿ ಹಚ್ಚಂಗಿಲ್ಲ ನೋಡ್ರಿ."

ನಾಲ್ಕು ದಿನ ಅವರಿಬ್ಬರ ನಡುವೆ ಮಾತಿರಲಿಲ್ಲ. ಅವ್ವ ಅಪ್ಪನ ತಟ್ಟೆಗೆ ರೊಟ್ಟಿ ಹಾಕಿ, ಪಲ್ಲೆಯ ಬೋಗುಣಿಯನ್ನು ಅವರ ಕೈಗೆ ಎಟುಕದಷ್ಟು ದೂರ ಇಟ್ಟು ಎದ್ದು ಹೋಗುತ್ತಿದ್ದಳು. ಐದನೆಯ ದಿನ ಅಪ್ಪ ರಬ್ಬರು ತಗೊಂಡು ಚೋಕಡಿಯನ್ನು ಅಳಿಸಿದರು. ಅಡುಗೆಮನೆಯ ಮೂಲೆಯಲ್ಲಿ, ನೆಲಕ್ಕಿಂತ ಒಂದು ಗೇಣು ತಗ್ಗಿನಲ್ಲಿ ಬಚ್ಚಲು ಬಂತು. ಅದರ ನೀರು ಹೋಗಲು ಗೋಡೆಯ ಬುಡದಲ್ಲೊಂದು ತೂತು, ತೂತಿನಿಂದ ಗಟಾರಕ್ಕೆ ಕೊಳವೆ. ಆ ಹಾಳೆಯನ್ನು ನಾನು ಎರಡು ತಿಂಗಳು ದಿನಾ ನೋಡಿದ್ದೇನೆ. ಕೋಣೆಗಳಿಗೆ ಬಣ್ಣದ ಪೆನ್ಸಿಲಿನಿಂದ ಬಣ್ಣ ತುಂಬಿದ್ದೇನೆ, ಬಚ್ಚಲಿಗೆ ನೀಲಿ ಹಚ್ಚಿದ್ದೂ ನಾನೇ. ಹೇತಲ್ ಒಂದು ಸಂಜೆ ಜಾಮಿಟ್ರಿ ಬಾಕ್ಸ್ ಕೇಳಲು ಬಂದವಳು ನಿಂತಲ್ಲೇ ಬಗ್ಗಿ ನೋಡಿದಳು. ಆಮೇಲೆ ಗುಜರಾತಿಯಲ್ಲಿ ಕೇಳಿದಳು:

"ಕಾಕಾ, ಬಾಗಿಲಿಗೆಲ್ಲ ಹಲಗೆ ಹಾಕುತ್ತೀರಿ. ನೀರು ಈ ತೂತಿನಿಂದ ಬಂದರೆ?"

ಅಪ್ಪ ಪೆನ್ಸಿಲು ಕೆಳಗಿಟ್ಟರು. ಆಮೇಲೆ ಬಂದ ಆ ನಗುವನ್ನು ನಾನು ಅವರ ಮುಖದಲ್ಲಿ ಹಿಂದೆಂದೂ ನೋಡಿರಲಿಲ್ಲ.

"ಏ, ಇಲ್ಲಿ ಬಾ! ಈ ಹುಡಿಗಿ ಏನ ಕೇಳಿದ್ಲು ನೋಡು! ಸೇತುವಿ ಕಟ್ಟೋರ ತಲಿಗೆ ಹೊಳಿಲಿಲ್ಲ, ಈಕಿಗೆ ಹೊಳೀತು!"

ಅವ್ವನೂ ಬಂದಳು, ಅವಳ ಗಲ್ಲ ಸವರಿದಳು, ಶೇಂಗಾ ಹೋಳಿಗೆ ಕೊಟ್ಟಳು. ನಾನು ನೀಲಿ ಪೆನ್ಸಿಲು ಹಿಡಿದುಕೊಂಡು ಅಲ್ಲೇ ಕೂತಿದ್ದೆ. ನನಗೆ ಆದದ್ದು ದುಃಖವಲ್ಲ, ಸಿಟ್ಟೂ ಅಲ್ಲ, ನೇರವಾಗಿ ಹೊಟ್ಟೆಯಲ್ಲೇ ಉರಿ. ಆ ಮಾತಿಗೆ ಹೊಟ್ಟೆಕಿಚ್ಚು ಎಂಬ ಹೆಸರು ಯಾಕೆ ಬಂತು ಎಂದು ನನಗೆ ಯಾರೂ ವಿವರಿಸಬೇಕಾಗಿ ಬರಲಿಲ್ಲ. ಆ ಹಾಳೆಯ ಮೇಲೆ ಅವಳು ಎರಡು ನಿಮಿಷ ಬಗ್ಗಿದ್ದಳು ಅಷ್ಟೆ, ನಾನು ಎರಡು ತಿಂಗಳು ಅದರ ಮೇಲೆ ಬಿದ್ದುಕೊಂಡಿದ್ದೆ.

ಮನೆ ಎದ್ದಿತು. ಆ ತೂತಿಗೆ ಅಪ್ಪ ಜಾಲಿ ಕಟ್ಟಿಗೆಯ ಒಂದು ಬೂಚು ಕಡೆಸಿದರು. ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ, ಸುತ್ತ ಹಳೆಯ ಸೈಕಲ್ ಟ್ಯೂಬಿನ ರಬ್ಬರು. ಅದನ್ನು ಒಳಗಿನಿಂದ ತೂತಿಗಿಟ್ಟು ಒಳಕಲ್ಲಿನ ಗುಂಡಿನಿಂದ ನಾಲ್ಕು ಏಟು ಹಾಕಿದರೆ ಗಟಾರದ ನೀರು ಒಳಕ್ಕೆ ಬರುವ ಹಾಗಿರಲಿಲ್ಲ. ಬಚ್ಚಲ ಪಕ್ಕದ ಮೊಳೆಗೆ ಅದನ್ನು ನೇತುಹಾಕಿ ಅಪ್ಪ ಅದಕ್ಕೆ ಹೇತಲ್ ಬೂಚು ಎಂದು ಹೆಸರಿಟ್ಟರು. ಹುಬ್ಬಳ್ಳಿ ಕಡೆಯಿಂದ ವರ್ಗವಾಗಿ ಬಂದ ಬ್ಯಾಂಕಿನವರು, ರೈಲ್ವೆಯವರು ಯಾರು ಮನೆ ನೋಡಲು ಬಂದರೂ ಮೊದಲು ಬಚ್ಚಲಿಗೆ ಕರೆದುಕೊಂಡು ಹೋಗುವುದು, ಬೂಚು ಕೈಗೆ ಕೊಡುವುದು, "ಓಣ್ಯಾಗಿನ ಹುಡಿಗಿ, ನಮ್ಮ ಸುನಂದಾನ ವಾರಿಗಿ" ಎಂದು ಶುರು ಮಾಡುವುದು. ಆ ಕತೆಯಲ್ಲಿ ನನ್ನ ಪಾತ್ರ ಅಷ್ಟೇ, ಹೇತಲಳ ವಯಸ್ಸು ತಿಳಿಸಲು ನಾನೊಂದು ಅಳತೆಗೋಲು. ಬಂದವರು ಬೂಚು ತಿರುಗಿಸಿ ನೋಡಿ, ಶಹಬ್ಬಾಸ್ ಎಂದು ನನ್ನ ಬೆನ್ನು ತಟ್ಟಿದ್ದೂ ಉಂಟು, ನಾನೇ ಆ ಹುಡುಗಿ ಎಂದುಕೊಂಡು. ಒಮ್ಮೆಯೂ ನಾನು ತಿದ್ದಲಿಲ್ಲ. ಅಪ್ಪ ಪ್ರತಿ ಸಲ ತಿದ್ದಿದರು.

ಮಳೆಗಾಲಕ್ಕೆ ಮುಂಚಿನ ಭಾನುವಾರಗಳಲ್ಲಿ ನಮ್ಮ ಮನೆಯಲ್ಲಿ ನೀರಿನ ಕವಾಯತು ನಡೆಯುತ್ತಿತ್ತು. ಅಡುಗೆಮನೆ ಬಾಗಿಲ ಹಿಂದೆ ಅಪ್ಪ ಒಂದು ಹಾಳೆ ಅಂಟಿಸಿದ್ದರು. ಅಪ್ಪನಿಗೆ ಹಲಗೆ, ಅವ್ವನಿಗೆ ಹಾಸಿಗೆ ಮತ್ತು ಕಾಗದಪತ್ರ ಅಟ್ಟಕ್ಕೇರಿಸುವುದು, ನನಗೆ ಬೂಚು. ಇಡೀ ಮನೆಯಲ್ಲಿ ನನಗೆ ಸಿಕ್ಕ ಒಂದೇ ಒಂದು ಕೆಲಸ, ಅದಕ್ಕೂ ಅವಳ ಹೆಸರು. ಅಪ್ಪ "ನೀರ ಬಂತು!" ಎಂದು ಕೂಗಿದ ಕೂಡಲೇ ನಾವು ಓಡಬೇಕು. ಬಿಸಿಲು ಉರಿಯುತ್ತಿರುವಾಗ, ಗಟಾರ ಒಣಗಿ ಬಿರಿದಿರುವಾಗ, ಮೂರು ಜನ ಹುಚ್ಚರ ಹಾಗೆ ಹಲಗೆ ಇಳಿಸಿ ಮಣ್ಣು ಮೆತ್ತುವುದನ್ನು ಓಣಿಯವರು ಕಟ್ಟೆಗೆ ಒರಗಿ ನೋಡುತ್ತಿದ್ದರು. ಅಪ್ಪನ ಗಡಿಯಾರ ಹಿಡಿದು ನಡುಮನೆಯಲ್ಲಿ ನಿಲ್ಲುವವಳು ಹೇತಲ್. ಅವಳು ಪರೀಕ್ಷಕಿ.

"ಸಾಡಾ ಚಾರ್ ಮಿನಿಟ್, ಕಾಕಾ! ನಾಲ್ಕೂವರೆ! ಸುನಂದಾದೇ ತಡ."

ಹೋದ ವಾರಕ್ಕಿಂತ ನಾನು ಅರ್ಧ ನಿಮಿಷ ಬೇಗ ಮಾಡಿದ್ದೇನೆ ಎಂದು ಅವಳು ಸೇರಿಸಿಯೇ ಸೇರಿಸುತ್ತಿದ್ದಳು. ಅದು ನನಗೆ ಇನ್ನೂ ಉರಿಯುತ್ತಿತ್ತು. ಹೀಗೆ ಬಂದು ಹೋಗುತ್ತಲೇ ಅವಳು ನಮ್ಮ ಕನ್ನಡವನ್ನೂ ಎತ್ತಿಕೊಂಡಳು. ನಾನು ಮನೆಯಲ್ಲಿ ಅವ್ವ ಕನ್ನಡದಲ್ಲಿ ಕೇಳಿದರೆ ಗುಜರಾತಿಯಲ್ಲಿ ಉತ್ತರ ಕೊಡುವ ಹುಡುಗಿ. ಇವಳು ಅಪ್ಪನ ಕೈಯಲ್ಲಿ ತನ್ನ ಹೆಸರನ್ನು ಕನ್ನಡದಲ್ಲಿ ಬರೆಸಿಕೊಂಡು, ತಾನೂ ಬರೆದು, ನಮ್ಮ ಹೊಸ ಮನೆಯ ಪ್ಲಿಂತಿನ ಹಸಿ ಸಿಮೆಂಟಿನಲ್ಲಿ ಕಡ್ಡಿಯಿಂದ ಗೀಚಿಬಿಟ್ಟಿದ್ದಳು. ನಮ್ಮ ಮನೆಯ ಮೇಲೆ ಇದ್ದ ಕನ್ನಡ ಅಕ್ಷರ ಅದೊಂದೇ. ನಾನು ಅವತ್ತೇ ರಾತ್ರಿ ಊಟವಾದ ಮೇಲೆ ಅಪ್ಪನೆದುರು ಸ್ಲೇಟು ಹಿಡಿದು ಕೂತೆ. ಇಂದು ನಾನು ಈ ಭಾಷೆಯಲ್ಲಿ ಬರೆಯುತ್ತಿದ್ದೇನೆ ಎಂದರೆ ಅದಕ್ಕೆ ಕಾರಣ ಭಾಷಾಪ್ರೇಮ ಎಂದು ಸುಳ್ಳು ಹೇಳಲಾರೆ.

ಆ ಮನೆಗೆ ಬಂದ ಎರಡನೆಯ ಮಳೆಗಾಲದಲ್ಲಿ ನಿಜವಾದ ನೀರು ಬಂತು. ಎರಡು ದಿನ ಬಿಡದೆ ಸುರಿದಿತ್ತು. ಬೆಳಿಗ್ಗೆಯೇ ಅಪ್ಪನಿಗೆ ಸೇತುವೆ ಕಾಯಲು ಕರೆ ಬಂತು, ರೇನ್‌ಕೋಟು ಹಾಕಿಕೊಂಡು ಹೊರಟರು. ಅದೇ ಹೊತ್ತಿಗೆ ಹೇತಲ್ ಕೊಡೆ ಹಿಡಿದು ಬಂದಿದ್ದಳು, ನೀರು ಹೆಚ್ಚಾದರೆ ನಮ್ಮ ಮಾಳಿಗೆಗೆ ಬನ್ನಿ ಎಂದು ಹಂಸಾಬೆನ್ ಹೇಳಿ ಕಳಿಸಿದ್ದರು. ಅಪ್ಪ ಹೊಸ್ತಿಲಲ್ಲಿ ನಿಂತು ಅವಳ ತಲೆಯ ಮೇಲೆ ಕೈಯಿಟ್ಟರು.

"ಹೇತಲ್, ನಾ ಇರಂಗಿಲ್ಲ. ಮನಿ ಕಡೆ ಒಂಚೂರು ನೋಡ್ಕೋ ಅವಾ."

ಆಮೇಲೆ ನನ್ನ ಕಡೆ ತಿರುಗಿದರು. ನಾನು ಕಾಯುತ್ತಿದ್ದೆ.

"ಸುನಂದಾ, ಕಟ್ಟಿ ಮ್ಯಾಲಿನ ನನ್ನ ಛತ್ರಿ ಒಳಗ ಇಡು, ತೊಯ್ಯಾಕತ್ತೈತಿ."

ಅಷ್ಟೇ. ಅವರು ಹೋದರು, ಅವಳೂ ಹೋದಳು. ನಾನು ಛತ್ರಿ ಒಳಗಿಟ್ಟೆ. ಅಲ್ಲಿಂದ ಸೀದಾ ಅಡುಗೆಮನೆಗೆ ಹೋಗಿ, ಮೊಳೆಯಿಂದ ಬೂಚು ತೆಗೆದು, ಏಣಿ ಹತ್ತಿ, ಅಟ್ಟದ ಮೇಲೆ ಅವ್ವ ಊರಿಂದ ತಂದಿಟ್ಟಿದ್ದ ಬ್ಯಾಡಗಿ ಮೆಣಸಿನಕಾಯಿಯ ಡಬ್ಬಿಯೊಳಗೆ ಹಾಕಿ ಮುಚ್ಚಿದೆ. ನನಗಾಗ ಹನ್ನೊಂದು ವರ್ಷ. ತಿಳಿಯದೆ ಮಾಡಿದೆ ಎನ್ನುವ ವಯಸ್ಸಲ್ಲ. ನನ್ನ ಲೆಕ್ಕ ಹೀಗಿತ್ತು. ಬಚ್ಚಲಿನಿಂದ ನಾಲ್ಕು ತಂಬಿಗೆ ನೀರು ಒಳಗೆ ಬರಲಿ. ಅವ್ವ ನೋಡಲಿ. ಹೇತಲ್ ಬೂಚು ಕೆಲಸಕ್ಕೆ ಬರಲಿಲ್ಲ ಎಂದು ಅಪ್ಪನಿಗೆ ಹೇಳಲಿ. ಅಷ್ಟಾದ ಮೇಲೆ ನಾನು ಬೂಚು ತಂದು, ಬಟ್ಟೆ ಸುತ್ತಿ ಇನ್ನೂ ಬಿಗಿಯಾಗಿ ಹೊಡೆದು, ಮನೆ ಉಳಿಸಿದವಳು ಸುನಂದಾ ಎನಿಸಿಕೊಳ್ಳಬೇಕು. ಒಳಗೆ ನುಗ್ಗುತ್ತಿರುವ ನೀರಿನ ಎದುರು ಬೂಚು ಕೂರುವುದಿಲ್ಲ ಎಂಬುದು ನನ್ನ ಲೆಕ್ಕದಲ್ಲಿರಲಿಲ್ಲ. ಹೇತಲಳಾಗಿದ್ದರೆ ಅವಳಿಗೆ ಹೊಳೆಯುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಓಣಿ ತುಂಬಿತು. ಅವ್ವ ನಾನು ಸೇರಿ ಎರಡೂ ಬಾಗಿಲಿಗೆ ಹಲಗೆ ಇಳಿಸಿದೆವು, ಎರೆಮಣ್ಣು ಮೆತ್ತಿದೆವು. ಕವಾಯತಿನಲ್ಲಿ ಕಲಿತದ್ದು ಕೈಗೆ ತಾನಾಗಿ ಬಂತು. ನೀರು ಪ್ಲಿಂತು ದಾಟಿ ಮೊದಲ ಹಲಗೆಯ ಅರ್ಧಕ್ಕೆ ಬಂದು ಇನ್ನೂ ಏರುತ್ತಿತ್ತು, ಮುಂಬಾಗಿಲಲ್ಲಿ ಒಂದು ಹನಿಯೂ ಒಳಗೆ ಬರಲಿಲ್ಲ. ಅವ್ವ ಹಲಗೆಯ ಮೇಲಿಂದ ಹೊರಗೆ ಬಗ್ಗಿ ನೋಡಿ, ಮದುವೆ ಮನೆಯಲ್ಲಿ ಗಂಡನ ಹೆಸರು ಹೇಳುವಾಗಿನ ಹಾಗೆ ನಾಚಿಕೊಂಡು ನಕ್ಕಳು. ಏಣಿಯನ್ನು ನಡುಮನೆಗೆ ಎಳೆದುಕೊಂಡು ಹೋಗಿ ಹಾಸಿಗೆ ಏರಿಸತೊಡಗಿದಳು. ಅಲ್ಲಿಂದಲೇ ಕೂಗಿದಳು:

"ಬೂಚು ಹಾಕಿದೇನ?"

"ಹಾಕೀನಿ."

ಬಚ್ಚಲಲ್ಲಿ ಮೊದಲು ಗುಳುಗುಳು ಸದ್ದು ಬಂತು. ಆಮೇಲೆ ಕಂದು ನೀರು ಎದ್ದು, ಬಚ್ಚಲು ತುಂಬಿ, ಕಟ್ಟೆ ದಾಟಿ ನೆಲಕ್ಕೆ ಹರಿಯಿತು. ನಾಲ್ಕು ತಂಬಿಗೆ ಎಂದುಕೊಂಡದ್ದು ಎಣಿಸುವ ಮೊದಲೇ ನನ್ನ ಪಾದ ಮುಳುಗಿತು. ಬೂಚು ಅಟ್ಟದ ಮೇಲೆ, ಏಣಿ ಅವ್ವನ ಹತ್ತಿರ. ನಾನು ಅಂಗೈ ಒತ್ತಿ ಹಿಡಿದೆ, ಗೋಣಿತಟ್ಟು ತುರುಕಿದೆ, ಕೊನೆಗೆ ಅದರ ಮೇಲೆ ಕೂತೇಬಿಟ್ಟೆ. ನೀರು ನನ್ನನ್ನು ಎತ್ತಿ ಪಕ್ಕಕ್ಕಿಟ್ಟು ತನ್ನ ಪಾಡಿಗೆ ಬಂತು. ಸದ್ದು ಕೇಳಿ ಅವ್ವ ಓಡಿ ಬಂದಳು.

"ಅಯ್ಯ ಶಿವನ! ಬೂಚು ಎಲ್ಲಿ?"

"ಹಾರಿತು."

ಅವ್ವ ಸೀರೆ ಎತ್ತಿ ಕಟ್ಟಿ, ಮೊಣಕಾಲೂರಿ, ಆ ಹೊಲಸು ನೀರಿನಲ್ಲಿ ಎರಡೂ ಕೈಯಿಂದ ಬೂಚು ಹುಡುಕತೊಡಗಿದಳು. ಒಲೆಯ ಹಿಂದೆ, ಕೊಡಗಳ ನಡುವೆ, ಬಚ್ಚಲೊಳಗೆ ತೋಳು ಇಳಿಸಿ. ಅದು ಅವಳ ತಲೆಯ ಮೇಲೆ ಅಟ್ಟದಲ್ಲಿ ಇತ್ತು. ಹೇಳಬಹುದಿತ್ತು. ಹೇಳಿದ್ದರೆ ಬರೀ ಒಂದು ಏಟು ಬೀಳುತ್ತಿತ್ತೋ ಏನೋ. ಅವ್ವ ಹುಡುಕುವುದು ಬಿಟ್ಟು ಜೋಳದ ಚೀಲಗಳ ಕಡೆ ನೋಡಿದಳು. ವರ್ಷಕ್ಕೊಮ್ಮೆ ಗದಗಿನಿಂದ ರೈಲಿನಲ್ಲಿ ಬರುತ್ತಿದ್ದ ಎರಡು ಚೀಲ ಬಿಳಿ ಜೋಳ, ಒಂದು ಗೇಣಿನ ಕಟ್ಟೆಯ ಮೇಲೆ ನಿಂತಿದ್ದವು. ಜೋಳ ಎತ್ತುವುದು ಅಪ್ಪನ ಹಾಳೆಯಲ್ಲಿ ಯಾರ ಕೆಲಸವೂ ಆಗಿರಲಿಲ್ಲ. ಬೂಚು ಇರುವಾಗ ಆ ಕಟ್ಟೆಗೆ ನೀರು ಬರುವ ಹಾಗೇ ಇರಲಿಲ್ಲವಲ್ಲ. ಅವ್ವ ಒಂದು ಚೀಲವನ್ನು ತಬ್ಬಿ ಎತ್ತಲು ನೋಡಿದಳು. ಅದು ಅಲುಗಾಡಲಿಲ್ಲ. ಒಂದು ಬೋಗುಣಿಯಷ್ಟು ಜೋಳ ಮೇಲಿಂದ ತೋಡಿಕೊಂಡಳು, ಅಷ್ಟರಲ್ಲಿ ಚೀಲದ ಬುಡ ಕಪ್ಪಾಯಿತು. ನಾವು ಏಣಿ ತಂದು ಅಟ್ಟ ಹತ್ತಿದೆವು. ಅವ್ವ ಮೆಣಸಿನಕಾಯಿ ಡಬ್ಬಿಗೆ ಬೆನ್ನು ಕೊಟ್ಟು, ಮಡಿಲಲ್ಲಿ ಆ ಬೋಗುಣಿ ಇಟ್ಟುಕೊಂಡು ಕೂತಳು. ನನ್ನನ್ನು ಒಂದು ಮಾತೂ ಬಯ್ಯಲಿಲ್ಲ.

"ನೀ ಏನ ಮಾಡ್ತಿ, ಹಾರಿದ್ರ," ಎಂದಳು.

ಮರುದಿನ ಬೆಳಿಗ್ಗೆ ಓಣಿಯ ನೀರು ಇಳಿಯಿತು. ನಮ್ಮ ಮನೆಯೊಳಗಿನದು ಇಳಿಯಲಿಲ್ಲ. ಬಚ್ಚಲ ಕೊಳವೆಯಲ್ಲಿ ಕೆಸರು ಕಟ್ಟಿತ್ತು, ಬಾಗಿಲಲ್ಲಿ ಅಪ್ಪನ ಹಲಗೆಗಳು ಭದ್ರವಾಗಿ ನಿಂತು ನೀರನ್ನು ಒಳಗೇ ಹಿಡಿದಿದ್ದವು. ಅವ್ವ ಹಲಗೆ ಕಿತ್ತು ನೀರು ಹೊರಗೆ ನೂಕುತ್ತಿರುವಾಗ ನಾನು ಡಬ್ಬಿಯಿಂದ ಬೂಚು ತೆಗೆದು, ಕೆಸರು ಮೆತ್ತಿ, ಒಲೆಯ ಹಿಂದೆ ಒಗೆದೆ. ಮಧ್ಯಾಹ್ನ ಅಪ್ಪ ಬಂದರು. ಹಿಂದೆಯೇ ಹೇತಲ್, ಹಂಸಾಬೆನ್. ಅಪ್ಪ ಗೋಡೆಯ ಮೇಲಿನ ಕೆಸರಿನ ಗೆರೆ ನೋಡಿದರು, ಹೊರಗಿನ ಗೆರೆ ನೋಡಿದರು, ಬಚ್ಚಲ ಹತ್ತಿರ ಕೂತರು. ನಾನು ಬೂಚು ತಂದು ಕೊಟ್ಟೆ. "ಒಲಿ ಹಿಂದ ಸಿಕ್ತು," ಎಂದೆ, ಯಾರೂ ಕೇಳದಿದ್ದರೂ. ಅವರು ಅದನ್ನು ತಿರುಗಿಸಿದರು, ಹೆಬ್ಬೆರಳಿನಿಂದ ಕೆಸರು ಒರೆಸಿದರು, ಮೂಗಿನ ಹತ್ತಿರ ಹಿಡಿದರು. ಒಂದು ಸೀನು ಬಂತು. ಆಮೇಲೆ ಎದ್ದು ನಿಂತು ಹೇಳಿದರು:

"ಬೂಚು ಹಿಡೀಲಿಲ್ಲ. ಲೆಕ್ಕ ತಪ್ಪಿತು."

ಹೇತಲಳಿಗೆ ಕನ್ನಡ ತಿಳಿಯುತ್ತಿತ್ತು, ಅದು ನನ್ನ ಪುಣ್ಯ. ಅವಳ ಮುಖ ಇಳಿದದ್ದನ್ನು, ಕೆಳತುಟಿ ನಡುಗಿದ್ದನ್ನು, ತಾಯಿಯ ಸೀರೆಯ ಹಿಂದೆ ಸರಿದದ್ದನ್ನು ನಾನು ಕಣ್ಣು ತುಂಬ ನೋಡಿದೆ. ಕಾಲಕೆಳಗೆ ಕೆಸರು, ಮೂಲೆಯಲ್ಲಿ ಅವ್ವನ ಜೋಳ ಹುಳಿ ವಾಸನೆ ಹೊಡೆಯುತ್ತಿತ್ತು, ನನಗೆ ಖುಷಿಯಾಗಿತ್ತು. ಈಗ ನಾಚಿಕೆಯಾಗುತ್ತದೆ ಎಂದು ಬರೆದರೆ ಓದುವವರಿಗೆ ಸಮಾಧಾನವಾದೀತು. ಆದರೆ ಅವತ್ತು ಆದದ್ದು ಖುಷಿ.

ಆ ಖುಷಿ ವಾರದ ಮೇಲೆ ಉಳಿಯಲಿಲ್ಲ. ಜೋಳವನ್ನೆಲ್ಲ ಓಣಿಯ ಎಮ್ಮೆಗಳಿಗೆ ಹಾಕಬೇಕಾಯಿತು. ವಡೋದರಾದ ಅಂಗಡಿಯ ಜೋಳ ಅವ್ವನ ಕೈಗೆ ಬಗ್ಗಲಿಲ್ಲ, ರೊಟ್ಟಿ ಬಡಿದರೆ ಒಡೆಯುತ್ತಿತ್ತು. ಊರಿಂದ ಮತ್ತೆ ಜೋಳ ಬರುವವರೆಗೆ ಹಂಸಾಬೆನ್ ದಿನಾ ಮಧ್ಯಾಹ್ನ ಸಜ್ಜೆಯ ರೋಟ್ಲಾ ಮಾಡಿ ಕಳಿಸಿದರು. ತರುವವಳು ಹೇತಲ್. ಬಟ್ಟೆಯಲ್ಲಿ ಸುತ್ತಿಕೊಂಡು ಬಂದು, ಅಡುಗೆಮನೆಯಲ್ಲಿ ತಾನೇ ಬಿಚ್ಚಿ, ಮೊದಲ ರೋಟ್ಲಾವನ್ನು ನನ್ನ ತಟ್ಟೆಗೆ ಹಾಕಿ, ಬೆರಳಿನಿಂದ ಕುಳಿ ಮಾಡಿ ತುಪ್ಪ ಬಿಡುತ್ತಿದ್ದಳು.

"ಬಿಸಿ ಐತಿ, ತಿನ್ನು," ಎನ್ನುತ್ತಿದ್ದಳು, ನಮ್ಮ ಗದಗಿನ ಹಾಗೇ.

ಅವಳು ಇಷ್ಟು ಬೇಗ ಚೇತರಿಸಿಕೊಂಡದ್ದು ನನಗೆ ಸೋಜಿಗ. ಅವತ್ತು ಅಳುತ್ತ ಹೋದವಳು ಎರಡನೆಯ ದಿನ ಏನೂ ಆಗದವಳ ಹಾಗೆ ಬಂದಿದ್ದಳು. ಮುಂದಿನ ಬೇಸಿಗೆಯ ಕವಾಯತಿನಲ್ಲಿ ಗಡಿಯಾರವನ್ನು ತಾನಾಗಿ ನನ್ನ ಕೈಗೆ ಕೊಟ್ಟು, "ಈ ಸಲ ನೀ ಹಿಡಿ, ಬೂಚು ನಾ ಹಾಕ್ತೀನಿ," ಎಂದಳು. ಅಪ್ಪ ಹಾಳೆಯಲ್ಲಿ ನನ್ನ ಹೆಸರು ಹೊಡೆದು ಅವಳ ಹೆಸರು ಬರೆದರು. ಗಡಿಯಾರ ಸಿಕ್ಕಿತೆಂದು ನಾನು ಗೆದ್ದವಳ ಹಾಗೆ ನಡುಮನೆಯಲ್ಲಿ ನಿಂತೆ. ಆಮೇಲೆ ಬಂದ ನೀರುಗಳಲ್ಲಿ ನಮ್ಮ ಮನೆ ಒದ್ದೆಯಾಗಲಿಲ್ಲ.

ಅವಳನ್ನು ಮೀರಿಸಬೇಕೆಂದೇ ನಾನು ಮನೆ ಕಟ್ಟುವ ವಿದ್ಯೆ ಓದಿದೆ. ಇವತ್ತು ಸೂರತ್ತಿನ ಪಾಂಡೇಸರಾದಲ್ಲಿ ಗಿರಣಿ ಕೆಲಸದವರ ಚಾಳಿನಿಂದ ಹಿಡಿದು ವಡೋದರಾದ ಬಂಗಲೆಗಳವರೆಗೆ, ನೀರು ಬರುವ ಜಾಗದಲ್ಲಿ ಮನೆ ಕಟ್ಟುವವರು ನನ್ನನ್ನು ಕರೆಯುತ್ತಾರೆ. ಯಾವ ನಕ್ಷೆ ಕೈಗೆ ಬಂದರೂ ನಾನು ಮೊದಲು ನೋಡುವುದು ಬಚ್ಚಲ ತೂತನ್ನು. ಹೇತಲ್ ಬ್ಯಾಂಕಿನ ಕೆಲಸ ಹಿಡಿದಳು, ಜೀವಮಾನದಲ್ಲಿ ಒಂದು ನಕ್ಷೆಯನ್ನೂ ಬರೆಯಲಿಲ್ಲ. ನಾನು ಓಡುತ್ತಿದ್ದ ಪಂದ್ಯದಲ್ಲಿ ಅವಳು ಇರಲೇ ಇಲ್ಲ. ಆದರೂ ಬಹುಮಾನ ಅವಳಿಗೇ ಹೋಯಿತು. ಅವ್ವ ತೀರಿಕೊಂಡ ಮೇಲೆ ಅಪ್ಪ ಅಹಮದಾಬಾದಿಗೆ, ಅಲ್ಲಿಯ ಬೋಪಲ್ ಬಡಾವಣೆಯ ನನ್ನ ಫ್ಲ್ಯಾಟಿಗೆ ಬಂದರು. ವಡೋದರಾದ ಆ ಮನೆಯನ್ನು ನನಗಿಡಿ ಎಂದೆ. ಅವರು ಹೇತಲಳಿಗೆ ಮಾರಿದರು.

"ನಿನಗ ಎಂಟನೇ ಮಾಳಿಗಿ ಐತಲ್ಲ. ಆ ಮನಿ ನಡಸೋದು ಆಕಿಗೆ ಗೊತ್ತೈತಿ."

ಈ ಮಳೆಗಾಲದಲ್ಲಿ ವಿಶ್ವಾಮಿತ್ರಿ ಮತ್ತೆ ಉಕ್ಕಿದಾಗ ಅಪ್ಪ ಬೆಳಿಗ್ಗೆಯಿಂದ ಟೀವಿಯ ಮುಂದೆ ಕೂತಿದ್ದರು. ಎಂಬತ್ತು ದಾಟಿದ್ದಾರೆ, ಕಿವಿ ಮಂದ. ಹನ್ನೊಂದು ಗಂಟೆಗೆ ಹೇತಲಳ ಫೋನು ಬಂತು. ಅಪ್ಪನಿಗೆ ಕೇಳಲೆಂದು ನಾನು ಸ್ಪೀಕರಿಗೆ ಹಾಕಿದೆ.

"ಬೂಚು ಹಾಕಿದೇನ?" ಅಪ್ಪ ಕೂಗಿದರು.

"ಹಾಕೀನಿ, ಕಾಕಾ. ಒಳಗ ಒಂದ ಹನಿ ಇಲ್ಲ."

ಆ ಎರಡು ಮಾತುಗಳನ್ನು ನಾನು ಒಮ್ಮೆ ಕೇಳಿದ್ದೆ, ಎರಡನೆಯದನ್ನು ನಾನೇ ಹೇಳಿದ್ದೆ. ಫೋನು ಇಟ್ಟ ಮೇಲೆ ನನ್ನಿಂದ ತಡೆಯಲಾಗಲಿಲ್ಲ, ಅವರ ಕಿವಿಯ ಹತ್ತಿರ ಬಗ್ಗಿದೆ.

"ಅಪ್ಪಾ, ಆ ವರ್ಷ ನಾ ಬೂಚು ಹಾಕಿರಲಿಲ್ಲ."

ಅಪ್ಪ ಟೀವಿಯ ಸದ್ದು ಕಡಿಮೆ ಮಾಡಿದರು.

"ಗೊತ್ತೈತಿ. ಗಟಾರದ ನೀರಾಗ ಬಿದ್ದ ಬೂಚು ಬ್ಯಾಡಗಿ ಮೆಣಸಿನಕಾಯಿ ವಾಸನಿ ಹೊಡಿಯಂಗಿಲ್ಲ, ಸುನಂದಾ."

ನಾನು ಅವರ ಕಾಲ ಹತ್ತಿರ ಕೂತೆ. ಇಷ್ಟು ವರ್ಷ ನನ್ನ ಮಾನ ಕಾದರಲ್ಲ, ನನಗಾಗಿ ತಮ್ಮ ಲೆಕ್ಕವನ್ನೇ ತಪ್ಪೆಂದು ಒಪ್ಪಿಕೊಂಡರಲ್ಲ ಎಂದುಕೊಂಡೆ. ಕೊನೆಗೂ ಅಪ್ಪ ನನ್ನ ಒಬ್ಬಳಿಗಾಗಿ ಏನೋ ಒಂದು ಮಾಡಿದ್ದರು.

"ಯಾರಿಗೂ ಹೇಳಲಿಲ್ಲ ನೀವು?"

"ಹೇಳಿದ್ನಲ್ಲ. ಮರುದಿನಾನ ಹೇತಲ್‌ಗ ಹೇಳಿದೆ."

"ಆಕಿಗೆ? ಆಕಿಗೆ ಹೇಳಿ ನನಗ ಯಾಕ ಹೇಳಲಿಲ್ಲ?"

ಅಪ್ಪ ನನ್ನನ್ನು ನೋಡಿದ್ದು, ಇಷ್ಟು ದೊಡ್ಡವಳಾದರೂ ಇದು ತಿಳಿಯುವುದಿಲ್ಲವೇ ಎನ್ನುವ ಹಾಗೆ.

"ತನ್ನ ಲೆಕ್ಕ ತಪ್ಪಿಲ್ಲಂತ ಆಕಿಗೆ ಗೊತ್ತಾಗಬೇಕಿತ್ತು. ನಿನಗ ಗೊತ್ತ ಇತ್ತಲ್ಲ."

ಟೀವಿಯ ಸದ್ದು ಮತ್ತೆ ಜೋರಾಯಿತು. ನಾನು ಎದ್ದು ಅಡುಗೆಮನೆಗೆ ಹೋದೆ. ಹೊಟ್ಟೆಯಲ್ಲಿ ಆ ಹಳೆಯ ಉರಿ ನೀಲಿ ಪೆನ್ಸಿಲು ಹಿಡಿದು ಕೂತ ಸಂಜೆಯಂತೆಯೇ ಎದ್ದಿತ್ತು. ನನ್ನ ಗುಟ್ಟೂ ನನ್ನದಾಗಿರಲಿಲ್ಲ, ಅದನ್ನೂ ಅವರಿಬ್ಬರೇ ಇಟ್ಟುಕೊಂಡಿದ್ದರು. ಆಮೇಲೆ ಆ ರೋಟ್ಲಾಗಳು ನೆನಪಾದವು. ದಿನಾ ಮಧ್ಯಾಹ್ನ ಅವಳು ಬಟ್ಟೆ ಬಿಚ್ಚಿ, ಮೊದಲನೆಯದನ್ನು ನನ್ನ ತಟ್ಟೆಗೆ ಹಾಕಿ, ಕುಳಿ ಮಾಡಿ ತುಪ್ಪ ಬಿಡುವಾಗಲೆಲ್ಲ ಅವಳಿಗೆ ಗೊತ್ತಿತ್ತು.